ಪೋರ್ಟ್ ಆಫ್ ಸ್ಪೇನ್‌ನ ಸೇಂಟ್ ಜೇಮ್ಸ್ ಬಡಾವಣೆ: ಹೋಗಿ ಬಂದವರು ಹೇಳಿ

ನದಿದಂಡೆ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ಟ್ರಿನಿಡಾಡ್‌ಗೆ ಹೋಗುವವಳಿದ್ದೇನೆ. ಸೇಂಟ್ ಆಗಸ್ಟೀನ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸ. ಅದು ಮುಗಿದ ಮೇಲೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕೆಲವು ದಿನ ಉಳಿಯಬೇಕೆಂದಿದ್ದೇನೆ. ಅಮ್ಮನೂ ಜೊತೆಗಿರುತ್ತಾರೆ. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬಿಸಿಲು ಏರುವ ಮೊದಲಾದರೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ.

ಎಲ್ಲಿ ಓದಿದರೂ ಸವನ್ನಾ ಮೈದಾನ, ಅದರ ಪಕ್ಕದ ಹಳೆಯ ಬಂಗಲೆಗಳು, ಮರಾಕಸ್ ಕಡಲತೀರ, ಇಷ್ಟೇ ಸಿಗುತ್ತಿದೆ. ನಕ್ಷೆ ನೋಡುತ್ತಿದ್ದಾಗ ನಗರದ ಪಶ್ಚಿಮಕ್ಕೆ ಸೇಂಟ್ ಜೇಮ್ಸ್ ಎಂಬ ಬಡಾವಣೆ ಕಣ್ಣಿಗೆ ಬಿತ್ತು. ಅಲ್ಲಿನ ಬೀದಿಗಳಿಗೆ ಕಲ್ಕತ್ತಾ, ಮದ್ರಾಸ್, ಬಾಂಬೆ, ಬನಾರಸ್, ಪಾಟ್ನಾ, ಹೈದರಾಬಾದ್ ಎಂದೆಲ್ಲ ಹೆಸರು. ಇದು ನೋಡಲು ಹೋಗುವಂಥ ಜಾಗವೇ? ಬರೀ ಮದ್ಯದಂಗಡಿಗಳ ಬೀದಿ ಎಂದು ಒಬ್ಬರು ಹೇಳಿದರು. ಅಮ್ಮನನ್ನು ಕರೆದುಕೊಂಡು ಹೋಗಬಹುದೇ, ಊಟಕ್ಕೆ ಏನು ಸಿಗುತ್ತದೆ, ತಿಳಿದವರು ದಯವಿಟ್ಟು ಹೇಳಿ.

ಕಡಲಾಚೆ ಮೇಷ್ಟ್ರು

ಮೇಡಂ, ಧಾರಾಳವಾಗಿ ಹೋಗಿ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕೆಲಸ ಮಾಡುತ್ತ ಬದುಕಿದವನು ನಾನು. ಆ ನಗರದಲ್ಲಿ ಒಂದೇ ಒಂದು ಬಡಾವಣೆ ನೋಡಲು ಸಮಯವಿದೆ ಎಂದರೆ ಸೇಂಟ್ ಜೇಮ್ಸ್ ಹೆಸರನ್ನೇ ಹೇಳುತ್ತೇನೆ. ಆದರೆ ಮೊದಲ ಸಲ ಬೆಳಿಗ್ಗೆ ಹೋಗಿ. ಹೊರಗಿನವರನ್ನು ಅಲ್ಲಿಗೆ ರಾತ್ರಿಯೇ ಕರೆದೊಯ್ಯುತ್ತಾರೆ. ಅವರು ಗದ್ದಲವನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಆ ಗದ್ದಲದ ಹಿಂದೆ ಜನ ವಾಸಿಸುವ ಹಳೆಯ ಊರೊಂದಿದೆ. ನೋಡಬೇಕಾದ್ದು ಅದನ್ನು.

ಮೊದಲು ಜಾಗದ ಅಂದಾಜು. ಪೇಟೆಯ ಕಡೆಯಿಂದ ಟ್ರಾಗರೆಟ್ ರಸ್ತೆ ಹಿಡಿದು ಪಶ್ಚಿಮಕ್ಕೆ ಬಂದರೆ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ ದಾಟುತ್ತೀರಿ. ಮುಂದೆ ಕಾಂಕ್ರೀಟು ಕಟ್ಟಿದ ಮರವಾಲ್ ನದಿ, ನಂತರ ರಾಕ್ಸಿ ವೃತ್ತ. ರಾಕ್ಸಿ ಎನ್ನುವುದು ಹಿಂದೆ ಅಲ್ಲಿದ್ದ ಚಿತ್ರಮಂದಿರದ ಹೆಸರು. ಸಿನಿಮಾ ನಿಂತು ಎಷ್ಟೋ ಕಾಲವಾದರೂ ವೃತ್ತಕ್ಕೆ ಆ ಹೆಸರೇ ಉಳಿದಿದೆ. ಅಲ್ಲಿಂದ ಮುಂದಕ್ಕೆ ವೆಸ್ಟರ್ನ್ ಮೇನ್ ರೋಡ್, ಸೇಂಟ್ ಜೇಮ್ಸ್‌ನ ಹೆದ್ದಾರಿಯೂ ಅದೇ, ಸಂತೆಬೀದಿಯೂ ಅದೇ. ಉತ್ತರಕ್ಕೆ ಫೋರ್ಟ್ ಜಾರ್ಜ್ ಗುಡ್ಡ, ದಕ್ಷಿಣಕ್ಕೆ ಮುಕುರಾಪೊ ಮತ್ತು ಸಮುದ್ರ, ಪಶ್ಚಿಮಕ್ಕೆ ಕೊಕೊರೀಟ್. ನೀವು ನಕ್ಷೆಯಲ್ಲಿ ಕಂಡ ಬೀದಿಗಳೆಲ್ಲ ಈ ಮುಖ್ಯರಸ್ತೆಗೆ ಅಡ್ಡಲಾಗಿ, ಒಂದರ ಪಕ್ಕ ಒಂದು ಕೂಡಿಕೊಂಡಿವೆ.

ಆ ಹೆಸರುಗಳನ್ನು ಯಾರೋ ಅಲಂಕಾರಕ್ಕೆ ಇಟ್ಟದ್ದಲ್ಲ. ಇಡೀ ಪ್ರದೇಶ ಹಿಂದೆ ಪೆರು ಎಂಬ ಕಬ್ಬಿನ ತೋಟವಾಗಿತ್ತು. ಬ್ರಿಟಿಷರು 1820ರ ದಶಕದಲ್ಲಿ ಇಲ್ಲಿ ಸೈನಿಕರ ವಸತಿ ಕಟ್ಟಿದರು. ಆ ಕಟ್ಟಡ ಈಗಲೂ ಇದೆ, ಪೊಲೀಸ್ ತರಬೇತಿಗೆ ಬಳಕೆಯಾಗುತ್ತಿದೆ. ಗುಲಾಮಗಿರಿ ರದ್ದಾದ ಮೇಲೆ ತೋಟಗಳಿಗೆ ಆಳು ಸಾಲದೆ ಭಾರತದಿಂದ ಕರಾರು ಕೂಲಿಗಳನ್ನು ತರಲಾರಂಭಿಸಿದರು. ಮೊದಲ ಹಡಗು ಫತೇಲ್ ರಜಾಕ್ ಟ್ರಿನಿಡಾಡ್ ತಲುಪಿದ್ದು 1845ರ ಮೇ 30ರಂದು. ಆ ದಿನ ಈಗ ಅಲ್ಲಿ ಸಾರ್ವಜನಿಕ ರಜೆ. ಕರಾರು ಪದ್ಧತಿ 1917ರಲ್ಲಿ ಕೊನೆಗೊಳ್ಳುವಷ್ಟರಲ್ಲಿ ಸುಮಾರು 1,44,000 ಜನ ಬಂದಿದ್ದರು. ಬಹುಪಾಲು ಜನ ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರದ ಹಳ್ಳಿಗಳವರು, ಕಲ್ಕತ್ತಾ ಬಂದರಿನಲ್ಲಿ ಹಡಗು ಹತ್ತಿದವರು. ಮದ್ರಾಸಿನಿಂದ ಹೊರಟವರೂ ಇದ್ದರು, ಸಂಖ್ಯೆ ಕಡಿಮೆ. ಅವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಮಾತನಾಡುವವರು.

ಐದು ವರ್ಷದ ಕರಾರು ಮುಗಿಸಿ ಸ್ವತಂತ್ರರಾದ ಅನೇಕರು ತಾಯ್ನಾಡಿಗೆ ಮರಳದೆ ಅಲ್ಲೇ ನೆಲೆ ಹುಡುಕಿದರು. ರಾಜಧಾನಿಯ ಅಂಚಿನಲ್ಲಿದ್ದ ಪೆರು ತೋಟದ ನೆಲದಲ್ಲಿ ಹಾಗೆ ಒಂದು ಊರು ಬೆಳೆಯಿತು. ಆಳುವವರು ಅದನ್ನು ಕೂಲಿ ಟೌನ್ ಎಂದು ಕರೆದರು, ಅವಮಾನದ ಹೆಸರು. 1938ರಲ್ಲಿ ಸೇಂಟ್ ಜೇಮ್ಸ್ ಪೋರ್ಟ್ ಆಫ್ ಸ್ಪೇನ್ ನಗರದೊಳಕ್ಕೆ ಸೇರಿತು. ಟ್ರಿನಿಡಾಡ್‌ನ ಭಾರತೀಯ ಮೂಲದ ಜನರೆಂದರೆ ನಡುನಾಡಿನ ಕಬ್ಬಿನ ಗದ್ದೆಗಳವರು ಎಂದೇ ಎಲ್ಲರ ಎಣಿಕೆ. ರಾಜಧಾನಿಯೊಳಗೇ, ಆಫ್ರಿಕನ್ ಮೂಲದವರ ಮನೆಗೆ ಗೋಡೆ ಹಂಚಿಕೊಂಡು ಬಾಳಿದವರ ಬಡಾವಣೆ ಇದು. ಅದೇ ಇದರ ಹೆಚ್ಚುಗಾರಿಕೆ ಎಂದು ನನ್ನ ನಂಬಿಕೆ.

ಬೆಳಿಗ್ಗೆ ಏಳರ ಹೊತ್ತಿಗೆ ಮುಖ್ಯರಸ್ತೆ ಬಿಟ್ಟು ಒಳಬೀದಿಗಳಿಗೆ ತಿರುಗಿ. ತಗಡಿನ ಮಾಡಿಗೆ ಮರದ ಕುಸುರಿ ಅಂಚು ಕಟ್ಟಿದ ಹಳೆಯ ಮನೆಗಳು ಇನ್ನೂ ಕೆಲವು ಉಳಿದಿವೆ. ಹಿಂದೂಗಳ ಮನೆಯಂಗಳದಲ್ಲಿ ಬಿದಿರುಗಳ ತುದಿಗೆ ಕೆಂಪು, ಹಳದಿ, ಬಿಳಿ ಬಾವುಟಗಳು ಕಾಣುತ್ತವೆ. ಅದನ್ನು ಝಂಡಿ ಎನ್ನುತ್ತಾರೆ. ಒಂದೊಂದು ಪೂಜೆ ಮುಗಿದಾಗ ಒಂದೊಂದು ಬಾವುಟ ಏರುತ್ತದೆ, ಮಳೆ ಬಿಸಿಲಿಗೆ ತಾನಾಗಿ ಹರಿದುಹೋಗುವವರೆಗೆ ಅದನ್ನು ಇಳಿಸುವುದಿಲ್ಲ. ಎಥೆಲ್ ಬೀದಿಯಲ್ಲಿ ಪಶ್ಚಿಮ್ ಕಾಶಿ ಎಂಬ ದೇವಸ್ಥಾನವಿದೆ, ಅಮ್ಮನಿಗೆ ಇಷ್ಟವಾದೀತು.

ನೇಪಾಳ್ ಬೀದಿಯ 26ನೇ ಸಂಖ್ಯೆಯ ಮನೆಯ ಮುಂದೆ ಸ್ವಲ್ಪ ನಿಲ್ಲಿ. ಎರಡು ಅಂತಸ್ತಿನ ಇಕ್ಕಟ್ಟಾದ ಮನೆ. 2001ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ವಿ. ಎಸ್. ನೈಪಾಲ್ ಕುಟುಂಬ 1940ರ ದಶಕದಲ್ಲಿ ಬಂದು ನೆಲೆಸಿದ್ದು ಇಲ್ಲಿ. ಅವರ ತಂದೆ ಪತ್ರಕರ್ತರು. ನೆಂಟರ ಮನೆಗಳಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ತಮ್ಮದೆಂದು ಕೊಂಡ ಮನೆ ಅದು. 1950ರಲ್ಲಿ ವಿದ್ಯಾರ್ಥಿವೇತನ ಪಡೆದ ಹುಡುಗ ಇದೇ ಮನೆಯಿಂದ ಆಕ್ಸ್‌ಫರ್ಡ್‌ಗೆ ಹೊರಟ. ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಒಳಗೆ ನೋಡಬೇಕೆಂದಿದ್ದರೆ ಮೊದಲೇ ವಿಚಾರಿಸಿಕೊಂಡು ಹೋಗಿ. ಹೊರಗಿನಿಂದ ನೋಡಿದರೂ ಸಾಕು, ಅಷ್ಟು ಚಿಕ್ಕ ಅಂಗಳಕ್ಕೆ ಒಬ್ಬ ಮನುಷ್ಯ ಎಷ್ಟು ಹಂಬಲಿಸಿದ್ದನೆಂದು ತಿಳಿಯುತ್ತದೆ.

ಕೆಂಪುಹಂಚು

ಮೇಷ್ಟ್ರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಅತಿಯಾಯಿತು. ನಾನೂ ಹೋಗಿದ್ದೇನೆ. ವೆಸ್ಟರ್ನ್ ಮೇನ್ ರೋಡಿನಲ್ಲಿ ವಾಹನಗಳು ಕದಲುವುದಿಲ್ಲ, ಕಾಲುದಾರಿಯ ಮೇಲೆ ಕಾರು ನಿಲ್ಲಿಸಿರುತ್ತಾರೆ, ಅಂಗಡಿ ಅಂಗಡಿಗೂ ಎದೆ ನಡುಗಿಸುವ ಧ್ವನಿವರ್ಧಕ. ಬೀದಿಯ ಹೆಸರು ಕಲ್ಕತ್ತಾ ಎಂದಿದ್ದ ಮಾತ್ರಕ್ಕೆ ಅಲ್ಲಿ ನೋಡುವಂಥದ್ದು ಏನಿದೆ? ನಾಮಫಲಕದ ಚಿತ್ರ ತೆಗೆದುಕೊಂಡು ವಾಪಸು ಬಂದೆ. ಅದಕ್ಕಿಂತ ಮುಖ್ಯವಾಗಿ, ಸುರಕ್ಷತೆಯ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು, 2025ರ ಜುಲೈಯಲ್ಲಿ ಮತ್ತೊಮ್ಮೆ. ವಯಸ್ಸಾದ ತಾಯಿಯೊಂದಿಗೆ ಹೋಗುವವರಿಗೆ ಇದನ್ನು ಮೊದಲು ಹೇಳಬೇಕಲ್ಲವೇ?

ಕಡಲಾಚೆ ಮೇಷ್ಟ್ರು

ಸುರಕ್ಷತೆಯ ಮಾತು ನಿಜ, ಅದನ್ನು ಮುಚ್ಚಿಡಬಾರದು. ಗುಂಪುಗಳ ಕಾದಾಟ, ಬಂದೂಕಿನ ಕೊಲೆಗಳು ಆ ದೇಶವನ್ನು ಕಾಡುತ್ತಿರುವ ದೊಡ್ಡ ಸಂಕಟ, ಅಲ್ಲಿನ ಜನರೇ ಹೆಚ್ಚು ನೋಯುತ್ತಿದ್ದಾರೆ. ಅದರ ತೀವ್ರತೆ ನಗರದ ಪೂರ್ವದ ಗುಡ್ಡದ ಬಡಾವಣೆಗಳಲ್ಲಿ ಹೆಚ್ಚು. ಸೇಂಟ್ ಜೇಮ್ಸ್ ಪಶ್ಚಿಮದಲ್ಲಿದೆ, ಆದರೂ ಎಚ್ಚರ ಬೇಡವೆಂದಲ್ಲ. ಹೊರಡುವ ವಾರ ಸುದ್ದಿ ನೋಡಿ. ಒಳಬೀದಿಗಳ ನಡಿಗೆ ಹಗಲಿನಲ್ಲೇ ಮುಗಿಸಿ. ಕತ್ತಲಾದ ಮೇಲೆ ಮುಖ್ಯರಸ್ತೆಯ ಜನದಟ್ಟಣೆ ಬಿಟ್ಟು ಆಚೆ ಹೋಗಬೇಡಿ, ವಾಪಸಾಗಲು ಪರಿಚಿತ ಚಾಲಕನನ್ನು ಹೋಟೆಲಿನವರಿಂದಲೇ ಗೊತ್ತುಮಾಡಿಕೊಳ್ಳಿ. ಇನ್ನೊಂದು, ಸೈನಿಕರ ಉಡುಪಿನಂಥ ಹಸಿರು ಚಿತ್ತಾರದ ಬಟ್ಟೆ ಅಲ್ಲಿ ಕಾನೂನಿನಲ್ಲೇ ನಿಷಿದ್ಧ. ಅಂಗಿ, ಟೋಪಿ, ಚೀಲ ಯಾವುದೂ ಬೇಡ.

ಇನ್ನು ನೋಡುವಂಥದ್ದು ಏನಿದೆ ಎಂದಿರಿ. ನಾಮಫಲಕದ ಹತ್ತಿರ ನಿಂತರೆ ನಾಮಫಲಕವೇ ಕಾಣುವುದು. ಆ ಬೀದಿಯಲ್ಲಿ ಕುಳಿತವರೊಡನೆ ನಾಲ್ಕು ಮಾತಾಡಿದರೆ ಬೇರೆಯದೇ ಕಾಣುತ್ತದೆ. ಅಂಗಡಿಗೆ ಕಾಲಿಟ್ಟ ಕೂಡಲೇ, ಟ್ಯಾಕ್ಸಿಯಲ್ಲಿ ಕೂರುವಾಗ ಮೊದಲು ಗುಡ್ ಮಾರ್ನಿಂಗ್ ಎನ್ನಬೇಕು, ಸಂಜೆಯ ಮೇಲೆ ಬಂದವರು ಗುಡ್ ನೈಟ್ ಎನ್ನುತ್ತಲೇ ಒಳಗೆ ಬರುತ್ತಾರೆ. ಅಷ್ಟು ಮಾಡಿದರೆ ಸಾಕು, ಮುಂದಿನ ಮಾತು ಅವರೇ ಆಡುತ್ತಾರೆ. ಸದ್ದಿನ ಬಗ್ಗೆ ನಿಮ್ಮೊಂದಿಗಿದ್ದೇನೆ. ಆ ಬೀದಿಗಳಲ್ಲಿ ಮಕ್ಕಳೂ ಹಿರಿಯರೂ ಮಲಗಬೇಕು.

ಲೆಗ್‌ಸ್ಪಿನ್

ಓವಲ್ ಹೆಸರು ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಮೇಡಂ, ಸೇಂಟ್ ಜೇಮ್ಸ್‌ನ ರಾಕ್ಸಿ ವೃತ್ತದಿಂದ ಆ ಮೈದಾನಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಕನ್ನಡಿಗರು ಅಲ್ಲಿಗೆ ಹೋಗದೆ ಬರಬಾರದು.

1976ರ ಏಪ್ರಿಲ್. ಭಾರತ, ವೆಸ್ಟ್ ಇಂಡೀಸ್ ನಡುವಿನ ಟೆಸ್ಟ್ ನಡೆಯಬೇಕಿದ್ದದ್ದು ಗಯಾನಾದಲ್ಲಿ, ಮಳೆಯಿಂದಾಗಿ ಇಲ್ಲಿಗೆ ಬಂತು. ಮೊದಲ ಇನಿಂಗ್ಸ್‌ನಲ್ಲಿ ವಿವಿಯನ್ ರಿಚರ್ಡ್ಸ್ 177 ಹೊಡೆದರು, ನಮ್ಮ ಮೈಸೂರಿನ ಚಂದ್ರಶೇಖರ್ 120 ರನ್ನಿಗೆ 6 ವಿಕೆಟ್ ಕಿತ್ತರು. ಕೊನೆಯ ಇನಿಂಗ್ಸ್‌ನಲ್ಲಿ ಭಾರತಕ್ಕೆ 403 ಬೇಕಿತ್ತು. ಅದುವರೆಗೆ ಟೆಸ್ಟ್ ಇತಿಹಾಸದಲ್ಲಿ 400 ದಾಟಿ ಬೆನ್ನಟ್ಟಿ ಗೆದ್ದದ್ದು ಒಂದೇ ಬಾರಿ, 1948ರಲ್ಲಿ ಆಸ್ಟ್ರೇಲಿಯಾ. ಗವಾಸ್ಕರ್ 102, ಮೊಹಿಂದರ್ ಅಮರನಾಥ್ 85, ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 112. ಕೊನೆಗೆ ಕರ್ನಾಟಕದ ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ನಿಂತರು. 4 ವಿಕೆಟ್‌ಗೆ 406. ಮೂವರು ಸ್ಪಿನ್ನರುಗಳನ್ನು ನಂಬಿ ಸೋತ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಆಮೇಲೆ ವೇಗದ ಬೌಲರುಗಳ ಕಡೆಗೇ ತಿರುಗಿದರು. ಮುಂದಿನ ಹದಿನೈದು ವರ್ಷ ಜಗತ್ತಿನ ಬ್ಯಾಟುಗಾರರು ಅದರ ಫಲ ಉಂಡರು.

ಐದು ವರ್ಷ ಮೊದಲು, 1971ರಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ ಭಾರತ ಮೊಟ್ಟಮೊದಲ ಟೆಸ್ಟ್ ಗೆದ್ದದ್ದೂ ಇದೇ ಮೈದಾನದಲ್ಲಿ. ಅಲ್ಲಿ ದಿಲೀಪ್ ಸರ್ದೇಸಾಯಿ ಹೊಡೆದದ್ದೂ 112. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ಪ್ರಸನ್ನ 54 ರನ್ನಿಗೆ 4 ವಿಕೆಟ್ ಪಡೆದಿದ್ದರು. ಆಗ ಗ್ಯಾಲರಿಯಲ್ಲಿ ಭಾರತಕ್ಕೆ ಕೂಗಿದವರಲ್ಲಿ ಟ್ರಿನಿಡಾಡ್‌ನ ಭಾರತೀಯ ಮೂಲದವರೂ ಬಹಳ ಜನರಿದ್ದರು. ಮೈದಾನದ ಉತ್ತರಕ್ಕೆ ಹಸಿರು ಗುಡ್ಡಸಾಲು ಕಾಣುತ್ತದೆ, ಅಷ್ಟು ಚೆಲುವಾದ ಹಿನ್ನೆಲೆ ಕಡಿಮೆ ಮೈದಾನಗಳಿಗಿದೆ.

ಒಗ್ಗರಣೆ

ಅಮ್ಮನ ಊಟದ ಪ್ರಶ್ನೆ ಹಾಗೇ ಉಳಿಯಿತು, ನಾನು ಹೇಳುತ್ತೇನೆ. ಸಸ್ಯಾಹಾರಿಗಳಿಗೆ ಕೆರಿಬಿಯನ್‌ನಲ್ಲಿ ಟ್ರಿನಿಡಾಡ್‌ನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ ಎಂದು ಅನುಭವದಿಂದ ಹೇಳಬಲ್ಲೆ.

ಬೆಳಿಗ್ಗೆ ಬೀದಿಬದಿಯಲ್ಲಿ ಡಬಲ್ಸ್. ಮೈದಾಹಿಟ್ಟಿಗೆ ಅರಿಶಿನ ಹಾಕಿ ಕರಿದ ಎರಡು ಮೆತ್ತನೆಯ ಬಾರಾ, ಅದರ ಮೇಲೆ ಕಡಲೆಕಾಳಿನ ಪಲ್ಯ, ಹುಣಸೆಯ ಸಿಹಿಗೊಜ್ಜು, ಸೌತೆಕಾಯಿ ತುರಿ, ಖಾರ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನುವುದು. ಖಾರ ಎಷ್ಟು ಎಂದು ಕೇಳಿದಾಗ ಸ್ಲೈಟ್ ಎನ್ನಿ. ಅಲ್ಲಿನ ಮೆಣಸಿನಕಾಯಿ ನಮ್ಮ ಬ್ಯಾಡಗಿಯ ಜಾತಿಯದ್ದಲ್ಲ, ಒಂದು ಹನಿಗೇ ಕಣ್ಣಲ್ಲಿ ನೀರು ಬರುತ್ತದೆ. ಡಬಲ್ಸ್ ಹುಟ್ಟಿದ್ದು 1930ರ ದಶಕದಲ್ಲಿ, ದಕ್ಷಿಣದ ಪ್ರಿನ್ಸೆಸ್ ಟೌನ್‌ನಲ್ಲಿ. ಭಾರತದಲ್ಲಿ ಹುಡುಕಿದರೆ ಸಿಗದು, ಪಕ್ಕಾ ಟ್ರಿನಿಡಾಡ್‌ನದೇ ತಿಂಡಿ.

ಇದಲ್ಲದೆ ಬೆಳಗಿನ ತಿಂಡಿಗೆ ಸಾದಾ ರೋಟಿ, ಜೊತೆಗೆ ಚೋಕಾ. ಬದನೆಕಾಯಿ ಅಥವಾ ಟೊಮೆಟೊವನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು ಜಜ್ಜಿ, ಬೆಳ್ಳುಳ್ಳಿಯ ಬಿಸಿ ಎಣ್ಣೆ ಹಾಕಿದ್ದು. ನಮ್ಮ ಸುಟ್ಟ ಬದನೆಕಾಯಿ ಗೊಜ್ಜು ತಿಂದವರಿಗೆ ಒಗ್ಗುತ್ತದೆ. ಮಧ್ಯಾಹ್ನ ದಾಲ್‌ಪುರಿ, ಅಂದರೆ ಹಳದಿ ಬಟಾಣಿ ಬೇಳೆಯ ಪುಡಿ ತುಂಬಿದ ರೋಟಿ, ಅಥವಾ ಬಸ್ ಅಪ್ ಶಟ್ ಎಂಬ ಚಿಂದಿ ಚಿಂದಿ ಮಾಡಿದ ಪರಾಠ. ಅದರೊಳಗೆ ಕಡಲೆ ಆಲೂಗಡ್ಡೆ, ಸಿಹಿಗುಂಬಳದ ತಲ್ಕಾರಿ, ಕೆಸುವಿನ ಸೊಪ್ಪಿನ ಭಾಜಿ ಹಾಕಿಸಿಕೊಳ್ಳಬಹುದು. ಕೊತ್ತಂಬರಿಯ ಬದಲು ಶಾಡೊ ಬೆನಿ ಎಂಬ ಉದ್ದ ಎಲೆ ಬಳಸುತ್ತಾರೆ, ಪರಿಮಳ ಕೊತ್ತಂಬರಿಯದೇ, ಇನ್ನಷ್ಟು ಗಾಢ. ನಾನು ಬೀಜ ತಂದು ಕುಂಡದಲ್ಲಿ ಬೆಳೆಸಬೇಕೆಂದು ಬಹಳ ಆಸೆಪಟ್ಟಿದ್ದೆ.

ಎರಡು ಎಚ್ಚರಿಕೆ. ಕಲಲು ಎಂಬ ಸೊಪ್ಪಿನ ಸಾರಿಗೆ ಏಡಿ ಅಥವಾ ಉಪ್ಪು ಹಾಕಿದ ಹಂದಿಬಾಲ ಹಾಕಿರುವುದುಂಟು, ಕೇಳದೆ ತಿನ್ನಬೇಡಿ. ರಾತ್ರಿ ಮಾರುವ ಮೆಕ್ಕೆಜೋಳದ ಸೂಪಿನಲ್ಲೂ ಹಾಗೆಯೇ. ರಾಸ್ತಾಫಾರಿ ಪಂಥದವರು ಮಾಡುವ ಐಟಲ್ ಅಡುಗೆಯಲ್ಲಿ ಮಾಂಸ ಇರುವುದಿಲ್ಲ, ಉಪ್ಪೂ ತೀರ ಕಡಿಮೆ. ಅಮ್ಮ ಧೈರ್ಯವಾಗಿ ತಿನ್ನಬಹುದು.

ಮುದಗಲ್ ಕೋಟೆ

ಮೇಷ್ಟ್ರೇ, ಸೇಂಟ್ ಜೇಮ್ಸ್ ಬಗ್ಗೆ ಇಷ್ಟು ಬರೆದು ಹೊಸೆ ಎಂಬ ಅಲ್ಲಿನ ಮೊಹರಂ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ನಾನು ರಾಯಚೂರು ಜಿಲ್ಲೆಯವನು, ನಮ್ಮ ಮುದಗಲ್ಲಿನ ಮೊಹರಂ ನೋಡಿಕೊಂಡೇ ಬೆಳೆದವನು. ಟ್ರಿನಿಡಾಡ್‌ನಲ್ಲಿ ಮೊಹರಂ ನಡೆಯುತ್ತದೆ, ಅದೂ ರಾಜಧಾನಿಯ ಬೀದಿಯಲ್ಲಿ ಎಂದು ಕೇಳಿದ್ದೇನೆ. ದಯವಿಟ್ಟು ವಿವರವಾಗಿ ಹೇಳಿ.

ಕಡಲಾಚೆ ಮೇಷ್ಟ್ರು

ಅದಕ್ಕೆ ಪ್ರತ್ಯೇಕ ಜಾಗವೇ ಬೇಕೆಂದು ಬಿಟ್ಟಿದ್ದೆ, ಕೇಳಿದ್ದು ಒಳ್ಳೆಯದಾಯಿತು.

ಸೇಂಟ್ ಜೇಮ್ಸ್‌ನ ವರ್ಷದ ದೊಡ್ಡ ದಿನಗಳೆಂದರೆ ಹೊಸೆ. ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿಗೆ ಮೊಹರಂ ತಿಂಗಳಲ್ಲಿ ನಡೆಯುತ್ತದೆ. ಸೇಂಟ್ ಜೇಮ್ಸ್ ಬಿಟ್ಟರೆ ದ್ವೀಪದ ನೈರುತ್ಯ ತುದಿಯ ಸೆಡ್ರೋಸ್‌ನಲ್ಲೂ ಇದೆ. ಕೆಲವೇ ಮನೆತನಗಳು ತಲೆಮಾರುಗಳಿಂದ ಇದನ್ನು ಹೊತ್ತುಕೊಂಡು ಬಂದಿವೆ. ಅವರ ಅಂಗಳಗಳಲ್ಲಿ ವಾರಗಟ್ಟಲೆ ತಾಜಾ ಎಂಬ ಗೋರಿಯ ಮಾದರಿಗಳನ್ನು ಕಟ್ಟುತ್ತಾರೆ. ಬಿದಿರು, ಮರ, ಬಣ್ಣದ ಕಾಗದ, ಜರಿ, ಗುಮ್ಮಟಗಳಿರುವ ಗೋರಿಯ ಆಕಾರ, ಎರಡಾಳೆತ್ತರಕ್ಕೂ ಮಿಗಿಲು. ಕಟ್ಟುವಾಗ ಹೊರಗಿನವರಿಗೆ ತೋರಿಸುವುದಿಲ್ಲ. ಆ ದಿನಗಳಲ್ಲಿ ಅಂಗಳದೊಳಗೆ ಉಪವಾಸ, ಪ್ರಾರ್ಥನೆ, ನೇಮ ಎಲ್ಲವೂ ಕಟ್ಟುನಿಟ್ಟು.

ಮೊದಲು ಧ್ವಜಗಳ ರಾತ್ರಿ. ಮಾರನೆಯ ರಾತ್ರಿ ಸಣ್ಣ ಹೊಸೆ, ಚಿಕ್ಕ ತಾಜಾಗಳು ಬೀದಿಗೆ ಬರುತ್ತವೆ. ಆಮೇಲಿನದು ದೊಡ್ಡ ಹೊಸೆ, ಆಗ ವೆಸ್ಟರ್ನ್ ಮೇನ್ ರೋಡಿನ ತುಂಬ ಜನ. ತಾಜಾಗಳ ಜೊತೆಗೆ ಎರಡು ಚಂದ್ರಗಳೂ ಬರುತ್ತವೆ. ಬಹಳ ಭಾರದ ಅರ್ಧಚಂದ್ರಾಕೃತಿಗಳು, ಒಂದು ಕೆಂಪು, ಇನ್ನೊಂದು ಹಸಿರು. ಕೆಂಪು ರಣರಂಗದಲ್ಲಿ ಮಡಿದ ಹುಸೇನರದು, ಹಸಿರು ವಿಷದಿಂದ ಸತ್ತ ಅಣ್ಣ ಹಸನರದು. ಒಬ್ಬನೇ ಅದನ್ನು ಭುಜದ ಮೇಲೆ ಹೊತ್ತು ಗಿರ್ರನೆ ಸುತ್ತುತ್ತಾನೆ, ದಣಿದರೆ ಇನ್ನೊಬ್ಬ ಹೆಗಲು ಕೊಡುತ್ತಾನೆ. ಎರಡೂ ಚಂದ್ರಗಳು ಎದುರುಬದುರಾಗಿ ಒಂದಕ್ಕೊಂದು ತಾಗುವ ಗಳಿಗೆಗೆ ಜನ ಕಾದಿರುತ್ತಾರೆ, ಅಣ್ಣತಮ್ಮಂದಿರ ಭೇಟಿ ಅದು.

ಇಷ್ಟಕ್ಕೂ ತಾಸಾದ ಬಡಿತ ಬೇಕು. ಮಣ್ಣಿನ ಬಟ್ಟಲಿಗೆ ಮೇಕೆಯ ಚರ್ಮ ಬಿಗಿದ ತಾಸಾಗಳು, ದೊಡ್ಡ ಢೋಲು, ಹಿತ್ತಾಳೆಯ ಝಾಂಜ್. ಬೀದಿಯ ಪಕ್ಕದಲ್ಲೇ ಬೆಂಕಿ ಹಾಕಿ ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಕೊನೆಗೆ, ಮೂರನೆಯ ದಿನದ ವಿಧಿಯಾದ ಮೇಲೆ, ಅಷ್ಟು ಶ್ರಮದಿಂದ ಕಟ್ಟಿದ್ದನ್ನು ಕೊಕೊರೀಟ್ ಕಡೆಯ ಸಮುದ್ರಕ್ಕೆ ಬಿಡುತ್ತಾರೆ.

ಇದರ ಹಿಂದೆ ರಕ್ತವೂ ಹರಿದಿದೆ. 1884ರಲ್ಲಿ ಬ್ರಿಟಿಷ್ ಆಡಳಿತ ಮೆರವಣಿಗೆಗಳು ಪಟ್ಟಣದೊಳಕ್ಕೆ ಬರಬಾರದೆಂದು ಆಜ್ಞೆ ಹೊರಡಿಸಿತು. ಅಕ್ಟೋಬರ್ 30ರಂದು ದಕ್ಷಿಣದ ಸ್ಯಾನ್ ಫರ್ನಾಂಡೊದಲ್ಲಿ ತೋಟದ ಕೂಲಿಗಳು ತಾಜಾ ಹೊತ್ತು ಬಂದರು, ಗುಂಡು ಹಾರಿಸಲಾಯಿತು. ಕನಿಷ್ಠ 16 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹಿಂದೂಗಳೂ ಇದ್ದರು. ಹಾಗಾಗಿ ಸೇಂಟ್ ಜೇಮ್ಸ್‌ನ ರಸ್ತೆಯಲ್ಲಿ ಇಂದು ಪೊಲೀಸರೇ ವಾಹನ ತಡೆದು ತಾಜಾಗಳಿಗೆ ದಾರಿ ಬಿಡಿಸುವುದನ್ನು ಕಂಡಾಗ ನನಗೆ ಮನಸ್ಸು ತುಂಬಿ ಬರುತ್ತಿತ್ತು.

ನದಿದಂಡೆ ಅವರೇ, ಚಾಂದ್ರಮಾನವಾದ್ದರಿಂದ ದಿನಾಂಕ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಜೂನ್, ಜುಲೈ ಸುಮಾರಿಗೆ ಬೀಳುತ್ತಿದೆ. ನಿಮಗೆ ಜನವರಿಯಲ್ಲಿ ಸಿಗದು.

ಮುದಗಲ್ ಕೋಟೆ

ಓದುತ್ತ ಮೈ ಜುಮ್ಮೆಂದಿತು. ನಮ್ಮಲ್ಲೂ ಹಲಗೆಯನ್ನು ಬೆಂಕಿಗೆ ಹಿಡಿದೇ ಬಾರಿಸುವುದು. ನಮ್ಮಲ್ಲೂ ಹಸನ್ ಹುಸೇನ್ ಆಲಂಗಳು ಕೊನೆಯ ದಿನ ಎದುರಾಗಿ ಭೇಟಿಯಾಗುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಅಲೈ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳೇ ಹೆಚ್ಚು, ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಬ್ಬ ನಡೆಯುತ್ತದೆ. ಅಲ್ಲಿಯೂ ಎಲ್ಲರೂ ಕೈಹಾಕುತ್ತಾರೆಯೇ?

ಕಡಲಾಚೆ ಮೇಷ್ಟ್ರು

ಹೌದು. ತಾಸಾ ಬಡಿಯುವವರಲ್ಲಿ, ತಾಜಾ ತಳ್ಳುವವರಲ್ಲಿ ಹಿಂದೂಗಳೂ ಕ್ರೈಸ್ತರೂ ಆಫ್ರಿಕನ್ ಮೂಲದ ನೆರೆಹೊರೆಯವರೂ ಇರುತ್ತಾರೆ. ಅಂಗಳದ ಹೊಣೆ, ಪ್ರಾರ್ಥನೆ ಮಾತ್ರ ಮನೆತನಗಳದ್ದು. ಅಕ್ಕಪಕ್ಕದ ಮದ್ಯದಂಗಡಿಗಳು ಅದೇ ರಾತ್ರಿ ತೆರೆದಿರುವ ಬಗ್ಗೆ ಆ ಮನೆತನಗಳಿಗೆ ಬಹುಕಾಲದ ನೋವಿದೆ. ಶೋಕದ ಮೆರವಣಿಗೆಯನ್ನು ಕಾರ್ನಿವಲ್ ಎಂಬಂತೆ ಕುಣಿಯುತ್ತ ನೋಡುವುದು ಸಲ್ಲ. ಎಂದಾದರೂ ಹೋದರೆ ಕೈಯಲ್ಲಿ ಬಾಟಲಿ ಹಿಡಿಯದೆ, ಮೈತುಂಬ ಬಟ್ಟೆ ತೊಟ್ಟು, ರಸ್ತೆಬದಿಯಲ್ಲಿ ನಿಂತು ನೋಡಿ.

ಬೆಟ್ಟದಹೂವಾಡಿ

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಆಸೆ. ಅಲ್ಲಿನ ನಮ್ಮ ಭಾರತೀಯರ ಮನೆಗಳಿಗೆ ಹೋಗಿ, ನಿಮ್ಮ ಮೂಲ ಊರು ಯಾವುದು, ಯಾವ ಜಾತಿ, ಹಿಂದಿ ಬರುತ್ತದೆಯೇ ಎಂದು ಮಾತಾಡಿಸಿದರೆ ಅವರಿಗೂ ಸಂತೋಷವಾಗುತ್ತದಲ್ಲವೇ? ಅದು ಪುಟ್ಟ ಭಾರತವೇ ತಾನೇ!

ಕಡಲಾಚೆ ಮೇಷ್ಟ್ರು

ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅವರ ಮುತ್ತಜ್ಜನ ಮುತ್ತಜ್ಜ ಹಡಗು ಹತ್ತಿದ್ದು. ಹಡಗಿನಲ್ಲೇ ಜಾತಿಯ ಪಂಕ್ತಿಭೇದ ಮುರಿದುಬಿತ್ತು, ಭೋಜಪುರಿ ಭಾಷೆ ಅಜ್ಜಿಯರ ಜೊತೆಗೆ ಹೊರಟುಹೋಯಿತು. ಈಗ ಅವರ ಮನೆಮಾತು ಟ್ರಿನಿಡಾಡ್‌ನ ಇಂಗ್ಲಿಷ್. 2011ರ ಜನಗಣತಿಯಂತೆ ದೇಶದಲ್ಲಿ ಭಾರತೀಯ ಮೂಲದವರು ಶೇ. 35ರಷ್ಟು, ಆಫ್ರಿಕನ್ ಮೂಲದವರು ಶೇ. 34ರಷ್ಟು, ಉಳಿದವರಲ್ಲಿ ಮಿಶ್ರ ಮೂಲದವರೇ ಹೆಚ್ಚು. ಒಂದೇ ಮನೆಯಲ್ಲಿ ಎಲ್ಲ ರಕ್ತವೂ ಕೂಡಿರುವುದುಂಟು. ಹಿಂದಿ ಬರುವುದಿಲ್ಲವೇ ಎಂದು ನಮ್ಮವರು ಆಶ್ಚರ್ಯಪಟ್ಟಾಗ ಅವರ ಮುಖ ಬಾಡುವುದನ್ನು ಕಂಡಿದ್ದೇನೆ. ಏನನ್ನೋ ಕಳೆದುಕೊಂಡವರನ್ನು ನೋಡುವಂತೆ ನಾವು ನೋಡುತ್ತೇವೆ. ಡಬಲ್ಸ್, ಚೋಕಾ, ಚಂದ್ರಗಳು, ತಾಸಾದ ಹೊಸ ಗತ್ತುಗಳು, ಇಷ್ಟನ್ನು ಕಟ್ಟಿಕೊಂಡ ಜನ ಅವರು. ಅವರು ಟ್ರಿನಿಡಾಡ್‌ನವರು, ಅವರ ಊರು ಸೇಂಟ್ ಜೇಮ್ಸ್. ಮೊದಲು ಅದರ ಬಗ್ಗೆ ಕೇಳಿ. ಹಳೆಯ ವಲಸೆ ದಾಖಲೆಗಳಲ್ಲಿ ಪೂರ್ವಜರ ಹಳ್ಳಿಯನ್ನು ಹುಡುಕಿಕೊಂಡವರು ಅನೇಕರಿದ್ದಾರೆ. ಹೇಳಬೇಕೆನಿಸಿದರೆ ತಾವಾಗಿಯೇ ಹೇಳುತ್ತಾರೆ.

ಬೆಟ್ಟದಹೂವಾಡಿ

ಸರಿ ಮೇಷ್ಟ್ರೇ. ಜಾತಿಯ ಮಾತು ಎತ್ತಬಾರದಿತ್ತು, ಒಪ್ಪುತ್ತೇನೆ. ಆದರೂ ನಂಟು ಇಲ್ಲವೇ ಇಲ್ಲ ಎಂದು ಹೇಳಲು ಮನಸ್ಸು ಬಾರದು. ಝಂಡಿ ಕಟ್ಟಿದ ಅಂಗಳ ನೋಡಿದರೆ ಯಾರಿಗಾದರೂ ಊರು ನೆನಪಾಗುತ್ತದೆ.

ನದಿದಂಡೆ

ಎಲ್ಲರಿಗೂ ತುಂಬು ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ, ಬದನೆಕಾಯಿ ಚೋಕಾದ ಹೆಸರು ಕೇಳಿಯೇ ಒಪ್ಪಿಕೊಂಡರು! ಇನ್ನು ಎರಡೇ ಪ್ರಶ್ನೆ. ಸೇಂಟ್ ಜೇಮ್ಸ್‌ಗೆ ಓಡಾಟ ಹೇಗೆ? ಹೊಸೆ ಸಿಗದಿದ್ದರೆ ಜನವರಿಯಲ್ಲಿ ಸಂಜೆ ಹೊತ್ತು ನೋಡಲು ಏನಿದೆ?

ಕಡಲಾಚೆ ಮೇಷ್ಟ್ರು

ಓಡಾಟ ಸುಲಭ. ಮ್ಯಾಕ್ಸಿ ಟ್ಯಾಕ್ಸಿ ಎಂಬ ಸಣ್ಣ ಬಸ್ಸುಗಳಿವೆ, ಮೈಮೇಲಿನ ಪಟ್ಟಿಯ ಬಣ್ಣ ನೋಡಿ ಹತ್ತಬೇಕು. ಪಶ್ಚಿಮಕ್ಕೆ ಹೋಗುವುದು ಹಳದಿ ಪಟ್ಟಿಯದು. ಪೂರ್ವಕ್ಕೆ, ಅಂದರೆ ನಿಮ್ಮ ಸೇಂಟ್ ಆಗಸ್ಟೀನ್ ಕಡೆಗೆ, ಕೆಂಪು ಪಟ್ಟಿ. ಇನ್ನು ನಾಲ್ಕೈದು ಜನ ಹಂಚಿಕೊಂಡು ಹೋಗುವ ಕಾರುಗಳು, ನಮ್ಮ ಶೇರ್ ಆಟೊ ಥರ, ಗೊತ್ತಾದ ದಾರಿಯಲ್ಲಿ ಓಡುತ್ತವೆ. ಬಾಡಿಗೆ ವಾಹನದ ನಂಬರು ಎಚ್ ಅಕ್ಷರದಿಂದ ಶುರುವಾಗುತ್ತದೆ. ಪಿ ಎಂದಿರುವ ಖಾಸಗಿ ಕಾರು ಕರೆದರೆ ಹತ್ತಬೇಡಿ. ಚಿಲ್ಲರೆ ನೋಟು ಕೈಯಲ್ಲಿರಲಿ.

ಜನವರಿಯ ಸಂಜೆಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕಾರ್ನಿವಲ್‌ಗೆ ಮುಂಚಿನ ದಿನಗಳವು. ಸ್ಟೀಲ್‌ಪ್ಯಾನ್ ಎಂಬ ಉಕ್ಕಿನ ವಾದ್ಯದ ತಂಡಗಳು ಪನೋರಮಾ ಸ್ಪರ್ಧೆಗಾಗಿ ಪ್ರತಿ ರಾತ್ರಿ ತಮ್ಮ ಅಂಗಳಗಳಲ್ಲಿ ಅಭ್ಯಾಸ ಮಾಡುತ್ತವೆ, ಯಾರು ಬೇಕಾದರೂ ಹೋಗಿ ಕೇಳಬಹುದು. 1963ರಲ್ಲಿ ಮೊದಲ ಪನೋರಮಾ, ಮರುವರ್ಷ ಎರಡನೆಯದು, ಎರಡನ್ನೂ ಗೆದ್ದ ನಾರ್ತ್ ಸ್ಟಾರ್ಸ್ ಸೇಂಟ್ ಜೇಮ್ಸ್‌ನ ತಂಡ. ಅದನ್ನು ನಡೆಸಿದ ಆಂಥನಿ ವಿಲಿಯಮ್ಸ್ ಪ್ಯಾನ್‌ನ ಮೇಲೆ ಸ್ವರಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಿದವರು. ಓವಲ್‌ನ ಎದುರಿಗೆ ಇನ್ವೇಡರ್ಸ್ ತಂಡದ ಅಂಗಳವಿದೆ, ಅಮ್ಮನೊಂದಿಗೆ ಹೋಗಲು ಅನುಕೂಲ. ಎಣ್ಣೆ ಪೀಪಾಯಿಯ ತಳವನ್ನು ಬಡಿದು ಬಡಿದು ಮಾಡಿದ ವಾದ್ಯದಿಂದ ಅಂಥ ನಾದ ಹೊರಡುತ್ತದೆಂದು ಹತ್ತಿರ ನಿಂತು ಕೇಳಿದವರೂ ಸುಲಭಕ್ಕೆ ನಂಬುವುದಿಲ್ಲ.

ಇನ್ನೊಂದು ಮಧ್ಯಾಹ್ನ ಕಾರು ಮಾಡಿಕೊಂಡು ಫೋರ್ಟ್ ಜಾರ್ಜ್‌ಗೆ ಹತ್ತಿ. 1804ರಲ್ಲಿ ಕಟ್ಟಿದ ಕೋಟೆ, ಅಲ್ಲಿ ಯುದ್ಧವೇ ನಡೆಯಲಿಲ್ಲ. ಮೇಲಿರುವ ಮರದ ಸಂಕೇತ ಕೇಂದ್ರವನ್ನು 1883ರಲ್ಲಿ ವಿನ್ಯಾಸ ಮಾಡಿದವರು ಕೋಫಿ ಎನ್‌ಟಿ, ಪಶ್ಚಿಮ ಆಫ್ರಿಕಾದ ಅಶಾಂಟಿ ದೊರೆಯ ಮಗ. ತಂದೆ ಬ್ರಿಟಿಷರಿಗೆ ಸೋತ ಮೇಲೆ ಅವರ ಬದುಕು ಈ ದೂರದ ದ್ವೀಪಕ್ಕೆ ಬಂದು ಮುಟ್ಟಿತು. ಕೆಳಗೆ ಬಿಹಾರದ ಕೂಲಿಗಳು ಕಟ್ಟಿದ ಬೀದಿಗಳು, ಮೇಲೆ ಅಶಾಂಟಿ ರಾಜಕುಮಾರ ಕಟ್ಟಿಸಿದ ಮನೆ. ಪರಿಯಾ ಕೊಲ್ಲಿ ಪೂರ್ತಿ ಕಾಣುತ್ತದೆ, ಆಕಾಶ ತಿಳಿಯಾಗಿದ್ದರೆ ವೆನೆಜುವೆಲಾದ ಗುಡ್ಡಗಳೂ. ಸಂಜೆಯಾಗುವ ಮೊದಲೇ ಇಳಿದುಬಿಡಿ, ದಾರಿ ಕಿರಿದು.

ಕೆಂಪುಹಂಚು

ಈ ಕೋಟೆಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನದಿದಂಡೆ ಅವರೇ, ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ವಿಮಾನ ನಿಲ್ದಾಣಗಳ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕು. ಟಿಕೆಟ್ ತೆಗೆಯುವ ಮೊದಲೇ ಅಮ್ಮನದ್ದನ್ನೂ ನೋಡಿಕೊಳ್ಳಿ. ವಿದ್ಯುತ್ತು ಅಲ್ಲಿ 115 ವೋಲ್ಟ್, ಚಪ್ಪಟೆ ಕಡ್ಡಿಯ ಪ್ಲಗ್.

ಒಗ್ಗರಣೆ

ಡಬಲ್ಸ್ ಗಾಡಿಗಳು ಬೆಳಿಗ್ಗೆ ಬೇಗ ಖಾಲಿಯಾಗುತ್ತವೆ, ನಡಿಗೆ ಮುಗಿಸಿ ತಿನ್ನೋಣ ಎಂದುಕೊಳ್ಳಬೇಡಿ. ಮೊದಲು ತಿಂದು, ಆಮೇಲೆ ಬೀದಿಗಳ ಕಡೆ ಹೊರಡಿ. ಕೈ ಒರೆಸಿಕೊಳ್ಳಲು ಒಂದು ಬಟ್ಟೆ ಚೀಲದಲ್ಲಿರಲಿ.